ಬಾಲ್ಟಿಕ್ ಸೂಚ್ಯಂಕ ಏರುತ್ತಿದೆ, ಹಡಗು ಕಂಪನಿಯ ಶೇರು ಕೊಳ್ಳಲಾ? ಸಂಡೂರಿನ ಮಾಜಿ ಲಾರಿ ಮಾಲೀಕರ ಪ್ರಶ್ನೆಗೆ ಉತ್ತರ

ಪ್ರಶ್ನೆ: "ನಾನು ಸಂಡೂರು ಕಡೆಯವನು, ವಯಸ್ಸು 57. 2007ರಲ್ಲಿ ಫೈನಾನ್ಸ್ ಮಾಡಿಸಿ ಎರಡು ಟಿಪ್ಪರ್ ಲಾರಿ ತಗೊಂಡು ಅದಿರು ಹೊಡೆಯುತ್ತಿದ್ದೆ. ಬೇಲೆಕೇರಿಗೆ, ಕಾರವಾರಕ್ಕೆ ಎಷ್ಟು ಟ್ರಿಪ್ ಹೋಗಿದ್ದೇನೋ ಲೆಕ್ಕವಿಲ್ಲ. ಒಂದು ವರ್ಷ ಚೆನ್ನಾಗಿ ಬಂತು. 2010ರಲ್ಲಿ ರಫ್ತು ನಿಂತಿತು, ಮರುವರ್ಷ ಗಣಿಯೇ ನಿಂತಿತು. ಒಂದು ಲಾರಿಯನ್ನು ಫೈನಾನ್ಸ್‌ನವರು ಎಳೆದುಕೊಂಡು ಹೋದರು, ಇನ್ನೊಂದನ್ನು ಕೊಂಡ ಬೆಲೆಯ ಕಾಲು ಭಾಗಕ್ಕೆ ಮಾರಿದೆ. ಈಗ ಸ್ವಲ್ಪ ಜಮೀನು ಮಾರಿದ 14 ಲಕ್ಷ ಕೈಯಲ್ಲಿದೆ. ಸೊಸೈಟಿಯಲ್ಲಿ 3 ಲಕ್ಷ ಸಾಲವೂ ಇದೆ, ಬಡ್ಡಿ ಶೇ 13. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ 'ಮಾವ, ಬಾಲ್ಟಿಕ್ ಡ್ರೈ ಇಂಡೆಕ್ಸ್ ಏರ್ತಿದೆ, ಆಫ್ರಿಕಾದಲ್ಲಿ ದೊಡ್ಡ ಅದಿರು ಗಣಿ ಶುರುವಾಗಿದೆ, ಹಡಗು ಕಂಪನಿ ಶೇರು ತಗೊಳ್ಳಿ, ಮೂರು ವರ್ಷಕ್ಕೆ ಡಬಲ್' ಅಂತಾನೆ. ಪಕ್ಕದ ಮನೆಯವರು 'ಚೀನಾದಲ್ಲಿ ಮನೆ ಕಟ್ಟೋದೇ ನಿಂತುಹೋಗಿದೆ, ಅದಿರಿನ ಕಥೆ ಮುಗೀತು' ಅಂತಾರೆ. ಯಾರ ಮಾತು ನಿಜ? ಒಂದು ಸಲ ಅದಿರು ನಂಬಿ ಕೆಟ್ಟವನು ಮತ್ತೆ ಅದೇ ತಪ್ಪು ಮಾಡುತ್ತಿದ್ದೇನಾ?"

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಒಂದು ಪ್ರಶ್ನೆಯ ಹಾಗೆ ಕಂಡರೂ ಒಳಗೆ ಮೂರು ಇವೆ. ಆ ಸೂಚ್ಯಂಕ ನಿಜಕ್ಕೂ ಏನು ಹೇಳುತ್ತದೆ? ಅದಿರು, ಕಲ್ಲಿದ್ದಲಿಗೆ ಬೇಡಿಕೆ ಉಳಿಯುತ್ತದಾ? ಜಮೀನು ಮಾರಿದ ದುಡ್ಡನ್ನು ಅದರ ಮೇಲೆ ಇಡಬಹುದಾ? ಮೂರಕ್ಕೂ ಬೇರೆ ಬೇರೆ ಉತ್ತರ. ನಿಮ್ಮ ಅಳಿಯನೂ ಪಕ್ಕದ ಮನೆಯವರೂ ಮೂರನ್ನೂ ಸೇರಿಸಿ ಒಂದೇ ಉತ್ತರ ಕೊಡುತ್ತಿದ್ದಾರೆ. ಗೊಂದಲ ಶುರುವಾಗಿರುವುದೇ ಅಲ್ಲಿ.

ಮೊದಲೇ ಒಂದು ಮಾತು. ನಾನು ಶೇರು ಸಲಹೆಗಾರ ಅಲ್ಲ. ಎಂಟು ವರ್ಷ ಬಲ್ಕ್ ಕ್ಯಾರಿಯರ್ ಹಡಗುಗಳಲ್ಲಿ ಕೆಲಸ ಮಾಡಿ, ಆಮೇಲೆ ದಡಕ್ಕೆ ಬಂದು ಚಾರ್ಟರಿಂಗ್ ಮಾಡಿದವನು. ಅಂದರೆ ಸರಕು ಇದ್ದವರಿಗೆ ಹಡಗು, ಹಡಗು ಇದ್ದವರಿಗೆ ಸರಕು ಹೊಂದಿಸಿ ಬಾಡಿಗೆ ಕುದುರಿಸುವ ಕೆಲಸ. ನಿಮ್ಮ ಊರಿನಲ್ಲಿ ಗಣಿಯವರಿಗೂ ಲಾರಿಯವರಿಗೂ ನಡುವೆ ಬ್ರೋಕರ್ ಇರುತ್ತಿದ್ದರಲ್ಲ, ಹೆಚ್ಚು ಕಡಿಮೆ ಅದೇ. ಹಾಗಾಗಿ ಈ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ನಾನು ಹೇಳಬಲ್ಲೆ, ಮತ್ತು ನಿಮಗೆ ಅದು ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. ನೀವು ಈ ವ್ಯಾಪಾರವನ್ನು ರಸ್ತೆಯ ಮೇಲೆ ಮಾಡಿದವರು.

ಡ್ರೈ ಬಲ್ಕ್ ಅಂದರೆ ಚೀಲ, ಪೆಟ್ಟಿಗೆ ಯಾವುದೂ ಇಲ್ಲದೆ ಹಡಗಿನ ಹೊಟ್ಟೆಗೆ ಹಾಗೆಯೇ ಸುರಿಯುವ ಸರಕು. ಕಬ್ಬಿಣದ ಅದಿರು, ಕಲ್ಲಿದ್ದಲು, ಧಾನ್ಯ ಇವು ಮೂರು ದೊಡ್ಡವು. ಆಮೇಲೆ ಬಾಕ್ಸೈಟ್, ಗೊಬ್ಬರ, ಸಿಮೆಂಟ್ ಕ್ಲಿಂಕರ್ ಇತ್ಯಾದಿ. ವರ್ಷಕ್ಕೆ 500 ಕೋಟಿ ಟನ್ನಿಗಿಂತ ಜಾಸ್ತಿ ಹೀಗೆ ಸಮುದ್ರದ ಮೇಲೆ ಓಡಾಡುತ್ತದೆ. ಇದರಲ್ಲಿ ದೊಡ್ಡ ಹಡಗು ಕೇಪ್‌ಸೈಜ್. ಒಂದು ಸಲಕ್ಕೆ 1.7 ಲಕ್ಷ ಟನ್ ಹೊರುತ್ತದೆ. 16 ಟನ್ ಹಾಕುವ ಲಾರಿಯಲ್ಲಿ ಲೆಕ್ಕ ಹಾಕಿದರೆ ಹತ್ತು ಸಾವಿರಕ್ಕೂ ಜಾಸ್ತಿ ಲೋಡು! ನಿಮ್ಮ ಬೇಲೆಕೇರಿ ಕಡೆಗೆ ಬರುತ್ತಿದ್ದವು ಇದಕ್ಕಿಂತ ತುಂಬಾ ಚಿಕ್ಕವು. ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು, ಬಾರ್ಜ್‌ನಲ್ಲಿ ಅದಿರು ಒಯ್ದು ತುಂಬುತ್ತಿದ್ದರು.

ಈಗ ಸೂಚ್ಯಂಕ. ಲಂಡನ್ನಿನಲ್ಲಿ ಬಾಲ್ಟಿಕ್ ಎಕ್ಸ್‌ಚೇಂಜ್ ಅಂತ ಒಂದು ಸಂಸ್ಥೆ ಇದೆ. 1744ರಷ್ಟು ಹಿಂದೆ ಒಂದು ಕಾಫಿ ಅಂಗಡಿಯಲ್ಲಿ ಹಡಗು ಮಾಲೀಕರೂ ವ್ಯಾಪಾರಿಗಳೂ ಸೇರುತ್ತಿದ್ದ ಜಾಗ ಅದರ ಮೂಲ. 2016ರಲ್ಲಿ ಸಿಂಗಪುರದ ಶೇರುಪೇಟೆ ಅದನ್ನು ಕೊಂಡಿತು. ಕೆಲಸದ ದಿನಗಳಲ್ಲಿ ಪ್ರತಿದಿನ ಹಡಗು ಬ್ರೋಕರ್‌ಗಳ ಒಂದು ತಂಡ ಗೊತ್ತಾದ ಕೆಲವು ದಾರಿಗಳಿಗೆ 'ಇವತ್ತು ಬಾಡಿಗೆ ಇಷ್ಟು' ಅಂತ ಅಂದಾಜು ಕಳಿಸುತ್ತದೆ. ಅದರ ಸರಾಸರಿ ತೆಗೆದು, ಕೇಪ್‌ಸೈಜ್‌ಗೆ ಶೇ 40, ಅದಕ್ಕಿಂತ ಚಿಕ್ಕ ಹಡಗಾದ ಪನಾಮ್ಯಾಕ್ಸ್‌ಗೆ ಶೇ 30, ಇನ್ನೂ ಚಿಕ್ಕದಾದ ಸುಪ್ರಾಮ್ಯಾಕ್ಸ್‌ಗೆ ಶೇ 30 ತೂಕ ಕೊಟ್ಟು ಒಂದು ಅಂಕಿ ಮಾಡುತ್ತಾರೆ. ಅಷ್ಟೇ. ಅದು ಹಡಗಿನ ಬಾಡಿಗೆಯ ಅಂಕಿ.

ಟಿವಿಯಲ್ಲಿ, ವಾಟ್ಸಾಪ್‌ನಲ್ಲಿ ಮಾತ್ರ ಇದನ್ನು 'ಜಗತ್ತಿನ ಕಚ್ಚಾ ಸಾಮಗ್ರಿ ಬೇಡಿಕೆಯ ನಾಡಿ' ಅಂತ ತೋರಿಸುತ್ತಾರೆ. ಏರಿದರೆ ಬೇಡಿಕೆ ಏರಿತು, ಇಳಿದರೆ ಬೇಡಿಕೆ ಸತ್ತಿತು ಅಂತ. ಇದು ನಾನು ನೋಡಿದ ತಪ್ಪು ತಿಳಿವಳಿಕೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಜನರ ದುಡ್ಡು ಎಲ್ಲಕ್ಕಿಂತ ಜಾಸ್ತಿ ಹಾಳು ಮಾಡಿದ್ದೂ ಇದೇ.

ಅಂಕಿ ನೋಡಿ. 2008ರ ಮೇ 20ರಂದು ಈ ಸೂಚ್ಯಂಕ 11,793ಕ್ಕೆ ಮುಟ್ಟಿತು. ಇವತ್ತಿನವರೆಗೂ ಅದೇ ದಾಖಲೆ. ಅದೇ ವರ್ಷ ಡಿಸೆಂಬರ್ 5ಕ್ಕೆ 663. ಏಳು ತಿಂಗಳೊಳಗೆ ನೂರಕ್ಕೆ ತೊಂಬತ್ತನಾಲ್ಕು ಪಾಲು ಹೋಯಿತು. ದಿನಕ್ಕೆ 2.3 ಲಕ್ಷ ಡಾಲರ್ ಬಾಡಿಗೆ ತರುತ್ತಿದ್ದ ಕೇಪ್‌ಸೈಜ್ ಹಡಗು ಸುಮಾರು 2,300 ಡಾಲರ್‌ಗೆ ಬಂತು. ಅದು ಸಿಬ್ಬಂದಿಯ ಸಂಬಳ, ವಿಮೆ, ರಿಪೇರಿಗೂ ಸಾಲದು. ಹಾಗಾದರೆ ಅದಿರು ಕೊಳ್ಳುವುದು ಶೇ 94ರಷ್ಟು ನಿಂತಿತಾ? ಚೀನಾ 2007ರಲ್ಲಿ ತರಿಸಿಕೊಂಡ ಅದಿರು ಸುಮಾರು 38 ಕೋಟಿ ಟನ್. 2008ರಲ್ಲಿ ಸುಮಾರು 44 ಕೋಟಿ. 2009ರಲ್ಲಿ ಸುಮಾರು 63 ಕೋಟಿ. ವರ್ಷದ ಲೆಕ್ಕದಲ್ಲಿ ಬೇಡಿಕೆ ಏರುತ್ತಲೇ ಇತ್ತು!

ಇನ್ನೊಂದು. 2016ರ ಫೆಬ್ರವರಿ 10ಕ್ಕೆ ಸೂಚ್ಯಂಕ 290. ಅದು ಚರಿತ್ರೆಯಲ್ಲೇ ಕನಿಷ್ಠ. ಅದೇ 2016ರಲ್ಲಿ ಚೀನಾದ ಅದಿರು ಆಮದು ಮೊದಲ ಬಾರಿ 100 ಕೋಟಿ ಟನ್ ದಾಟಿತು. ಸರಕು ಅತಿ ಹೆಚ್ಚು, ಬಾಡಿಗೆ ಅತಿ ಕಡಿಮೆ, ಎರಡೂ ಒಂದೇ ವರ್ಷದಲ್ಲಿ.

ಇದು ಹೇಗೆ ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ನೆನಪಿಸಿದರೆ ಸಾಕು. ಹುಬ್ಬಳ್ಳಿ–ಅಂಕೋಲಾ ರಸ್ತೆಯಲ್ಲಿ, ಅರಬೈಲ್ ಘಾಟ್‌ನಲ್ಲಿ ಲಾರಿ ಸಾಲು ನಿಂತಾಗ ಟನ್ನಿನ ಬಾಡಿಗೆ ಏನಾಗುತ್ತಿತ್ತು? ಗಣಿಯಿಂದ ಬರುವ ಅದಿರು ಒಂದೇ ವಾರದಲ್ಲಿ ಎರಡು ಪಟ್ಟು ಆಗುತ್ತಿರಲಿಲ್ಲ. ಆದರೆ ತಿಂಗಳಿಗೆ ಎಂಟು ಟ್ರಿಪ್ ಹೊಡೆಯುವ ಲಾರಿ ಖಾಲಿ ಮಾಡಲು ಕಾದು ಕಾದು ನಾಲ್ಕೇ ಟ್ರಿಪ್ ಹೊಡೆದರೆ, ಊರಿನಲ್ಲಿರುವ ಲಾರಿ ಅರ್ಧಕ್ಕೆ ಇಳಿದಂತೆಯೇ ಅಲ್ವಾ? ಬಾಡಿಗೆ ಏರುತ್ತಿತ್ತು. ಸಾಲು ಕರಗಿತೋ, ಅದೇ ಅದಿರು, ಅದೇ ಲಾರಿ, ಆದರೆ ಬಾಡಿಗೆ ಕೆಳಗೆ.

ಸಮುದ್ರದಲ್ಲೂ ಹಾಗೆಯೇ ನಡೆಯಿತು. 2007ರಲ್ಲಿ ಆಸ್ಟ್ರೇಲಿಯಾದ ನ್ಯೂಕಾಸಲ್ ಎಂಬ ಕಲ್ಲಿದ್ದಲು ಬಂದರಿನ ಹೊರಗೆ 50ಕ್ಕೂ ಹೆಚ್ಚು ಹಡಗು ಲಂಗರು ಹಾಕಿ ತಮ್ಮ ಪಾಳಿಗೆ ಕಾಯುತ್ತಿದ್ದವು. ಆ ಜೂನ್ 8ರಂದು ಬಿರುಗಾಳಿ ಬಂತು. ಕಾಯುತ್ತಿದ್ದ 'ಪಾಶಾ ಬಲ್ಕರ್' ಎಂಬ ಹಡಗು ಊರಿನ ಬೀಚಿಗೇ ಬಂದು ಕೂತಿತು. ಜನ ಮರಳಿನ ಮೇಲೆ ನಿಂತು ಅದರ ಫೋಟೋ ತೆಗೆದುಕೊಂಡರು. ಆ ಫೋಟೋ ನೋಡಿದಾಗ ನಮ್ಮ ಕೆಲಸದವರಿಗೆ ಕಂಡದ್ದು ಹಿಂದಿನ ಸಾಲು. ಬಾಡಿಗೆ ಯಾಕೆ ಆಕಾಶಕ್ಕೆ ಹೋಗಿದೆ ಅನ್ನುವುದಕ್ಕೆ ಆ ಸಾಲೇ ಉತ್ತರವಾಗಿತ್ತು.

ಹಡಗು ಬೇಕು ಅಂದ ತಕ್ಷಣ ಬರುವುದಿಲ್ಲ. ಆರ್ಡರ್ ಕೊಟ್ಟರೆ ಕೈಗೆ ಬರಲು ಎರಡು ಮೂರು ವರ್ಷ. ಹಾಗಾಗಿ ಸರಕಿಗಿಂತ ಹಡಗು ಚೂರು ಕಡಿಮೆಯಾದರೂ ಬಾಡಿಗೆ ಹುಚ್ಚೆದ್ದು ಏರುತ್ತದೆ, ಯಾಕೆಂದರೆ ಕೊನೆಯ ಹಡಗಿಗೆ ಇಬ್ಬರು ಕಿತ್ತಾಡುತ್ತಾರೆ. ಚೂರು ಜಾಸ್ತಿಯಾದರೆ ಕೊನೆಯ ಸರಕಿಗೆ ಇಬ್ಬರು ಮಾಲೀಕರು ಕಿತ್ತಾಡುತ್ತಾರೆ. ನಡುವೆ ನಿಲ್ಲುವ ಜಾಗ ತುಂಬಾ ಕಿರಿದು.

ಆ ಏರಿದ ಬಾಡಿಗೆ ನೋಡಿ ಎಲ್ಲರೂ ಏನು ಮಾಡಿದರು? ನಿಮ್ಮ ಊರಿನಲ್ಲಿ ಮನೆ ಮನೆಗೂ ಲಾರಿ ಬಂದ ಹಾಗೆ ಹಡಗು ಆರ್ಡರ್ ಮಾಡಿದರು. 2008ರ ಹೊತ್ತಿಗೆ ಆಗ ಓಡಾಡುತ್ತಿದ್ದ ಬಲ್ಕ್ ಹಡಗುಗಳ ಮುಕ್ಕಾಲು ಪಾಲಿನಷ್ಟು ಸಾಮರ್ಥ್ಯ ಹೊಸದಾಗಿ ಕಟ್ಟಲು ಆರ್ಡರ್ ಆಗಿತ್ತು. ಅವೆಲ್ಲ 2010ರಿಂದ ಒಂದೊಂದಾಗಿ ನೀರಿಗಿಳಿದವು. 2016ರ 290 ಅಂದರೆ ಆ ಹಡಗುಗಳೇ. 2008ರ ನಡುವಿನಲ್ಲಿ ಐದು ವರ್ಷ ಹಳೆಯ ಕೇಪ್‌ಸೈಜ್ ಹಡಗಿಗೆ ಸುಮಾರು 15 ಕೋಟಿ ಡಾಲರ್ ಇತ್ತು. 2016ರಲ್ಲಿ ಐದು ವರ್ಷ ಹಳೆಯದು 3 ಕೋಟಿ ಡಾಲರ್‌ಗೂ ಕಡಿಮೆಗೆ ಸಿಗುತ್ತಿತ್ತು. ನಿಮ್ಮ ಎರಡನೇ ಲಾರಿ ಕಾಲು ಬೆಲೆಗೆ ಹೋಯಿತು ಅಂದಿರಿ. ಇದು ಐದನೇ ಒಂದು ಭಾಗ.

2008ರ ಅಕ್ಟೋಬರ್ ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಸರಕು ಬಂದರಿನಲ್ಲಿ ರಾಶಿ ಬಿದ್ದಿತ್ತು. ಹಡಗು ಹತ್ತಿರದಲ್ಲೇ ಇತ್ತು. ಆದರೆ ಲೀಮನ್ ಬ್ರದರ್ಸ್ ಬ್ಯಾಂಕ್ ಬಿದ್ದ ಮೇಲೆ ಒಂದು ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ಅನ್ನು, ಅಂದರೆ ಕೊಂಡವರ ಪರವಾಗಿ ದುಡ್ಡು ಕೊಡುತ್ತೇವೆ ಅನ್ನುವ ಖಾತರಿ ಪತ್ರವನ್ನು, ಇನ್ನೊಂದು ಬ್ಯಾಂಕ್ ನಂಬುತ್ತಿರಲಿಲ್ಲ. ಕಾಗದ ಇಲ್ಲದೆ ಸರಕು ಹಡಗು ಹತ್ತುವುದಿಲ್ಲ. ನಾನು ಬಾಡಿಗೆ ಕುದುರಿಸಿದ್ದ ಒಂದು ಕಂಪನಿ ಒಪ್ಪಿಕೊಂಡ ದರ ಕೊಡದೆ ಹಡಗನ್ನು ನಡುನೀರಲ್ಲೇ ಬಿಟ್ಟು ಫೋನ್ ಎತ್ತುವುದನ್ನು ನಿಲ್ಲಿಸಿತು. ಹಡಗಿನ ಕ್ಯಾಪ್ಟನ್ ದಿನಾ ಕೇಳುತ್ತಿದ್ದರು, ಎಲ್ಲಿಗೆ ಹೋಗಲಿ ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಬೇಡಿಕೆ ಸತ್ತಿರಲಿಲ್ಲ, ನಂಬಿಕೆ ಸತ್ತಿತ್ತು. ಆದರೆ ಸೂಚ್ಯಂಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಪಕ್ಕದ ಮನೆಯವರ ಮಾತಿಗೆ ಬರೋಣ. ಚೀನಾದಲ್ಲಿ ಮನೆ ಕಟ್ಟುವ ವ್ಯಾಪಾರ 2021ರಿಂದ ಕುಸಿದಿರುವುದು ಪೂರ್ತಿ ನಿಜ. ಜಗತ್ತಿನ ಉಕ್ಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಯೇ ತಯಾರಾಗುತ್ತದೆ, ಸಮುದ್ರದ ಮೇಲೆ ಹೋಗುವ ಅದಿರಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಅಲ್ಲಿಗೇ ಹೋಗುತ್ತದೆ. ಹಾಗಾಗಿ ಅವರ ಹೆದರಿಕೆಯಲ್ಲಿ ತಪ್ಪಿಲ್ಲ. ಆದರೆ ಮನೆ ಕಟ್ಟುವುದು ಬಿದ್ದ ಮೇಲೂ 2024ರಲ್ಲಿ ಚೀನಾ ಸುಮಾರು 124 ಕೋಟಿ ಟನ್ ಅದಿರು ತರಿಸಿಕೊಂಡಿತು. ಅಲ್ಲಿಯವರೆಗೆ ಅದೇ ಅತಿ ಹೆಚ್ಚು. ಕಾರಣ ಒಂದಲ್ಲ. ಮನೆಗೆ ಹೋಗದ ಉಕ್ಕು ಯಂತ್ರ, ವಾಹನ, ಹಡಗು ಕಟ್ಟುವುದಕ್ಕೆ ಹೋಯಿತು. 11 ಕೋಟಿ ಟನ್ನಿನಷ್ಟು ಉಕ್ಕು ಹೊರದೇಶಕ್ಕೆ ಹೋಯಿತು. ಅವರದೇ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ, ಅಗೆಯುವ ಖರ್ಚು ಜಾಸ್ತಿ, ಆದ್ದರಿಂದ ಹೊರಗಿನದೇ ಅಗ್ಗ. ಸ್ವಲ್ಪ ಭಾಗ ಬಂದರಿನಲ್ಲಿ ರಾಶಿಯಾಗಿಯೂ ಉಳಿಯಿತು. ಈ ಕೊನೆಯದು ಒಳ್ಳೆಯ ಸುದ್ದಿ ಅಲ್ಲ, ರಾಶಿ ಹಾಕಿದ್ದನ್ನು ಒಂದು ದಿನ ಕರಗಿಸಲೇಬೇಕು. ಅಷ್ಟೊಂದು ಉಕ್ಕು ಹೊರಗೆ ಸುರಿಯುವುದನ್ನು ಬೇರೆ ದೇಶಗಳು ಸುಂಕ ಹಾಕಿ ತಡೆಯುತ್ತಿವೆ. ಹಳೆಯ ಕಟ್ಟಡ, ವಾಹನಗಳ ಗುಜರಿ ಹೆಚ್ಚಾದಂತೆ ಅದಿರು ಬೇಕಾಗುವುದೂ ನಿಧಾನಕ್ಕೆ ಕಡಿಮೆಯಾಗುತ್ತದೆ. 'ಮುಗೀತು' ಅನ್ನುವುದು ಸುಳ್ಳು. ಆದರೆ 2003ರಿಂದ ಕಂಡಂಥ ಓಟ ಮತ್ತೆ ಬರುತ್ತದೆ ಅಂತ ನಾನು ನಂಬುವುದಿಲ್ಲ.

ಕಲ್ಲಿದ್ದಲಿನ ಕಥೆ ಇನ್ನೂ ಬೇರೆ. ನಮ್ಮ ದೇಶ 2024-25ರಲ್ಲಿ 100 ಕೋಟಿ ಟನ್ನಿಗೂ ಜಾಸ್ತಿ ಕಲ್ಲಿದ್ದಲು ತಾನೇ ತೆಗೆಯಿತು. ವಿದ್ಯುತ್ತಿಗೆ ಹೊರಗಿನಿಂದ ತರಿಸುವುದು ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ, ಚೀನಾದಲ್ಲೂ ಅದೇ ಪ್ರಯತ್ನ. ಆದರೆ ಉಕ್ಕಿನ ಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ನಮ್ಮಲ್ಲಿ ಒಳ್ಳೆಯದು ಸಿಗುವುದು ಕಡಿಮೆ. ನಿಮ್ಮ ಪಕ್ಕದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಗೋವಾದಿಂದ, ಆಂಧ್ರದ ಬಂದರಿನಿಂದ ರೈಲಿನಲ್ಲಿ ಬರುವ ಕಪ್ಪು ರಾಶಿ ನೋಡಿರುತ್ತೀರಿ. ಅದು ಸಮುದ್ರ ದಾಟಿ ಬಂದ ಕಲ್ಲಿದ್ದಲು, ದೇಶಕ್ಕೆ ಇದರ ದೊಡ್ಡ ಪಾಲು ಆಸ್ಟ್ರೇಲಿಯಾದಿಂದ ಬರುತ್ತದೆ. ಒಂದು ಕಾಲದಲ್ಲಿ ನಿಮ್ಮ ಲಾರಿ ಹೊರಗೆ ಕಳಿಸಿದ ಅದಿರು ಈಗ ಊರಲ್ಲೇ ಕರಗುತ್ತದೆ, ಅದನ್ನು ಕರಗಿಸುವ ಕಲ್ಲಿದ್ದಲು ಹೊರಗಿನಿಂದ ಬರುತ್ತದೆ. ಹಡಗಿನವರಿಗೆ ಸರಕು ಯಾವ ದಿಕ್ಕಿಗೆ ಹೋದರೂ ಒಂದೇ.

ಈಗ ನಿಮ್ಮ ಅಳಿಯನ ಮಾತು. ಅವನು ಹೇಳುವ ಗಣಿ ಗಿನಿ ದೇಶದ ಸಿಮಾಂಡು. 2025ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಬೆಟ್ಟದಿಂದ ಸಮುದ್ರಕ್ಕೆ 600 ಕಿಲೋಮೀಟರಿಗೂ ಉದ್ದದ ಹೊಸ ರೈಲು ಹಾಕಿದ್ದಾರೆ. ಪೂರ್ತಿ ನಡೆದರೆ ವರ್ಷಕ್ಕೆ 12 ಕೋಟಿ ಟನ್. ಇದು ಹಡಗಿಗೆ ಯಾಕೆ ಮುಖ್ಯ ಅಂದರೆ ದೂರ. ಆಸ್ಟ್ರೇಲಿಯಾದ ಪೋರ್ಟ್ ಹೆಡ್ಲ್ಯಾಂಡ್‌ನಿಂದ ಉತ್ತರ ಚೀನಾಕ್ಕೆ ಸುಮಾರು 3,500 ಸಮುದ್ರ ಮೈಲು. ಬ್ರೆಜಿಲ್‌ನಿಂದ ಅಥವಾ ಗಿನಿಯಿಂದ 11,000ದ ಆಸುಪಾಸು. ಅದೇ ಒಂದು ಹಡಗು ಅದಿರು ಆಸ್ಟ್ರೇಲಿಯಾದ ಬದಲು ಗಿನಿಯಿಂದ ಬಂದರೆ, ಆ ಹಡಗು ಮೂರು ಪಟ್ಟು ದಿನ ಬೇರೆಯವರ ಕೈಗೆ ಸಿಗುವುದಿಲ್ಲ. ಅದಿರು ಒಂದು ಟನ್ ಹೆಚ್ಚಾಗದಿದ್ದರೂ ಹಡಗು ಕಡಿಮೆ ಬೀಳುತ್ತದೆ. ಸರಕಿನ ತೂಕವನ್ನು ದೂರದಿಂದ ಗುಣಿಸಿದ ಈ ಲೆಕ್ಕವನ್ನು ನಾವು ಟನ್-ಮೈಲು ಅನ್ನುತ್ತೇವೆ. ಅಳಿಯ ಹಿಡಿದಿರುವ ಎಳೆ ಸರಿಯಾಗಿದೆ, ಅವನು ಸುಮ್ನೆ ಮಾತಾಡುತ್ತಿಲ್ಲ.

ಇನ್ನೂ ಅವನ ಪರವಾಗಿಯೇ ಒಂದು ಅಂಶ ಸೇರಿಸುತ್ತೇನೆ. ಈಗ ಆರ್ಡರ್‌ನಲ್ಲಿರುವ ಬಲ್ಕ್ ಹಡಗುಗಳು ಓಡಾಡುತ್ತಿರುವವುಗಳ ನೂರಕ್ಕೆ ಹತ್ತರ ಆಸುಪಾಸು ಮಾತ್ರ. 2008ರ ಮುಕ್ಕಾಲು ಪಾಲಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಹಡಗು ಕಟ್ಟುವ ಯಾರ್ಡ್‌ಗಳು ಕಂಟೇನರ್, ಟ್ಯಾಂಕರ್, ಗ್ಯಾಸ್ ಹಡಗುಗಳಿಂದ ತುಂಬಿವೆ. ಮುಂದೆ ಯಾವ ಇಂಧನದ ಹಡಗು ಕಟ್ಟಿಸಬೇಕು ಅನ್ನುವುದೇ ಮಾಲೀಕರಿಗೆ ಗೊತ್ತಿಲ್ಲ. ಹೊಗೆ ಕಡಿಮೆ ಮಾಡುವ ಜಾಗತಿಕ ನಿಯಮದ ಮತದಾನವನ್ನು ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2025ರ ಅಕ್ಟೋಬರ್‌ನಲ್ಲಿ ಒಂದು ವರ್ಷ ಮುಂದೂಡಿತು.

ಹಾಗಾದರೆ ಅಳಿಯ ತಪ್ಪಿರುವುದು ಎಲ್ಲಿ? 'ಮೂರು ವರ್ಷಕ್ಕೆ ಡಬಲ್' ಅನ್ನುವಲ್ಲಿ. ಸಿಮಾಂಡು ಬರುತ್ತದೆ ಅಂತ ಹಡಗಿನವರಿಗೆಲ್ಲ ಎಷ್ಟೋ ವರ್ಷದಿಂದ ಗೊತ್ತು. ಗೊತ್ತಿರುವ ಸುದ್ದಿ ಶೇರಿನ ಬೆಲೆಯಲ್ಲಿ ಆಗಲೇ ಸೇರಿಕೊಂಡಿರುತ್ತದೆ. ಆ ಗಣಿಯಲ್ಲಿ ಪಾಲಿರುವ ಕೂಟದಲ್ಲಿ ಹಡಗು ಕಂಪನಿಯೇ ಇದೆ, ಅವರು ತಮ್ಮ ಹಡಗನ್ನು ಬಿಟ್ಟು ಬೇರೆಯವರದನ್ನು ಎಷ್ಟು ಬಾಡಿಗೆಗೆ ಹಿಡಿಯುತ್ತಾರೆ ಅನ್ನುವುದೂ ಪ್ರಶ್ನೆ. ಗಿನಿಯ ಅದಿರು ಬಂದಾಗ ಬ್ರೆಜಿಲ್‌ನ ಅದಿರು ಹಿಂದೆ ಸರಿದರೆ, ಎರಡೂ ದೂರವೇ ಆದ್ದರಿಂದ ಟನ್-ಮೈಲು ಹೆಚ್ಚುವುದೇ ಇಲ್ಲ. ಲಾಭ ಇರುವುದು ಅದು ಆಸ್ಟ್ರೇಲಿಯಾದ ಅಥವಾ ಚೀನಾದ್ದೇ ಅದಿರಿನ ಜಾಗಕ್ಕೆ ಬಂದರೆ.

ಜೊತೆಗೆ ಒಂದೇ ಘಟನೆ ಈ ಲೆಕ್ಕವನ್ನೆಲ್ಲ ಅಡಿಮೇಲು ಮಾಡಬಹುದು. 2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ ಗಣಿಯ ಕೆಸರು ಹಿಡಿದಿಟ್ಟಿದ್ದ ಅಣೆಕಟ್ಟು ಒಡೆಯಿತು. 270 ಜನ ಸತ್ತರು. ಗಣಿ ಕಂಪನಿ ಉತ್ಪಾದನೆ ಇಳಿಸಿತು. ಫೆಬ್ರವರಿ 11ಕ್ಕೆ ಸೂಚ್ಯಂಕ 595. ಅದೇ ವರ್ಷ ಸೆಪ್ಟೆಂಬರ್‌ಗೆ 2,500 ದಾಟಿತು. ಏಳು ತಿಂಗಳಲ್ಲಿ ನಾಲ್ಕು ಪಟ್ಟು. ಫೆಬ್ರವರಿಯಲ್ಲಿ ಹೆದರಿ ಮಾರಿದವರೂ ಸೆಪ್ಟೆಂಬರ್‌ನಲ್ಲಿ ಆಸೆಯಿಂದ ಕೊಂಡವರೂ ಇಬ್ಬರೂ ಕಳೆದುಕೊಂಡರು. 2023ರಲ್ಲಿ ಪನಾಮಾ ಕಾಲುವೆಗೆ ನೀರು ಸಾಲದೆ ಹಡಗುಗಳ ಸಂಖ್ಯೆ ಕಡಿತ ಮಾಡಿದರು, ಆ ವರ್ಷದ ಕೊನೆಯಲ್ಲೇ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೌತಿ ಬಂಡುಕೋರರ ದಾಳಿ ಶುರುವಾಯಿತು. ಹಡಗುಗಳು ಆಫ್ರಿಕಾ ಸುತ್ತಿ ಹೋದವು. ದಾರಿ ಉದ್ದವಾದರೆ ಹಡಗು ಕಡಿಮೆ ಬೀಳುತ್ತದೆ, ಬಾಡಿಗೆಗೆ ಬಲ ಬರುತ್ತದೆ. ದಾರಿ ಮತ್ತೆ ತೆರೆದರೆ ಅದೇ ಬಲ ಹೋಗುತ್ತದೆ. ಇದನ್ನು ಸಂಡೂರಿನಲ್ಲಿ ಕೂತು ಯಾರು ಊಹಿಸಬೇಕು? ಲಂಡನ್ನಿನಲ್ಲಿ ಕೂತವರಿಗೂ ಆಗುವುದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಪರದೆಯ ಮೇಲೆ ಹಸಿರು ಕೆಂಪು ಅಂಕಿ ನೋಡುವವರಿಗೆ ಆ ಹಡಗಿನೊಳಗೆ ಇಪ್ಪತ್ತು ಜನ ಇದ್ದಾರೆ ಅನ್ನುವುದು ಮರೆತುಹೋಗುತ್ತದೆ. ಕೆಂಪು ಸಮುದ್ರದಲ್ಲಿ 2024ರಲ್ಲಿ ಗೊಬ್ಬರ ತುಂಬಿದ್ದ 'ರೂಬಿಮಾರ್', ಕಲ್ಲಿದ್ದಲು ತುಂಬಿದ್ದ 'ಟ್ಯೂಟರ್', 2025ರ ಜುಲೈನಲ್ಲಿ 'ಮ್ಯಾಜಿಕ್ ಸೀಸ್', 'ಎಟರ್ನಿಟಿ ಸಿ' ಮುಳುಗಿದವು. ನಾಲ್ಕೂ ಬಲ್ಕ್ ಹಡಗುಗಳೇ. 2020ರಲ್ಲಿ ಆಸ್ಟ್ರೇಲಿಯಾದ ಕಲ್ಲಿದ್ದಲು ಹೊತ್ತಿದ್ದ 'ಜಗ್ ಆನಂದ್' ಹಡಗನ್ನು ಚೀನಾ ತಿಂಗಳುಗಟ್ಟಲೆ ಬಂದರಿಗೆ ಬಿಡಲಿಲ್ಲ, 23 ಭಾರತೀಯರು ಅದರಲ್ಲೇ ಸಿಕ್ಕಿಕೊಂಡಿದ್ದರು. ನಮ್ಮ ಕರಾವಳಿಯ ಮಾತೇ ಹೇಳುವುದಾದರೆ, 2009ರ ಜುಲೈನಲ್ಲಿ ನವಮಂಗಳೂರಿನಿಂದ ಅದಿರಿನ ಪುಡಿ ತುಂಬಿಕೊಂಡು ಹೊರಟ 'ಏಷಿಯನ್ ಫಾರೆಸ್ಟ್' ಮಂಗಳೂರಿನ ಹತ್ತಿರವೇ ಮುಳುಗಿತು. ಮಳೆಗಾಲದ ಅದಿರಿನಲ್ಲಿ ತೇವ ಮಿತಿ ಮೀರಿದರೆ ಹಡಗಿನ ಅಲುಗಾಟಕ್ಕೆ ಅದು ಗಟ್ಟಿ ರಾಶಿಯಾಗಿ ಉಳಿಯುವುದಿಲ್ಲ, ಕೆಸರಾಗಿ ಒಂದು ಕಡೆಗೆ ಹರಿಯುತ್ತದೆ, ಹಡಗು ವಾಲುತ್ತದೆ. ಅವತ್ತು ಸಿಬ್ಬಂದಿಯೆಲ್ಲ ಬದುಕಿದರು. ಎಲ್ಲ ಸಲವೂ ಹಾಗಾಗುವುದಿಲ್ಲ. 2015ರಲ್ಲಿ ಬಾಕ್ಸೈಟ್ ತುಂಬಿದ್ದ 'ಬಲ್ಕ್ ಜುಪಿಟರ್' ವಿಯೆಟ್ನಾಂ ಹತ್ತಿರ ಮುಳುಗಿದಾಗ 19 ಜನರಲ್ಲಿ ಬದುಕಿದವರು ಒಬ್ಬರೇ. ಬಾಡಿಗೆ ಏರಿದ ಕಾಲದಲ್ಲಿ 'ಬೇಗ ತುಂಬಿ, ಬೇಗ ಹೊರಡಿ' ಅನ್ನುವ ಒತ್ತಡ ಹೇಗಿರುತ್ತದೆ ಅಂತ ನಾನು ಡೆಕ್ ಮೇಲೆ ನಿಂತು ಅನುಭವಿಸಿದ್ದೇನೆ. ನೀವೂ ಓವರ್‌ಲೋಡ್ ಲಾರಿಯಲ್ಲಿ ಘಾಟ್ ಇಳಿದವರು, ಗೊತ್ತಿರುತ್ತದೆ.

ಸರಿ, ಶೇರಿನ ವಿಷಯ. ಸೂಚ್ಯಂಕ ಏರಿದರೆ ಹಡಗು ಕಂಪನಿಯ ಶೇರು ಏರಲೇಬೇಕು ಅನ್ನುವುದು ಎರಡನೇ ತಪ್ಪು ತಿಳಿವಳಿಕೆ. ಸೂಚ್ಯಂಕ ಹೇಳುವುದು ಇವತ್ತು ಖಾಲಿ ಇರುವ ಹಡಗಿನ ಇವತ್ತಿನ ಬಾಡಿಗೆ. ಒಂದು ಕಂಪನಿ ತನ್ನ ಹಡಗುಗಳನ್ನು ಹೋದ ವರ್ಷವೇ ಎರಡು ವರ್ಷಕ್ಕೆ ಟೈಮ್ ಚಾರ್ಟರ್, ಅಂದರೆ ಗೊತ್ತಾದ ದರಕ್ಕೆ ಅವಧಿ ಬಾಡಿಗೆ, ಕೊಟ್ಟುಬಿಟ್ಟಿದ್ದರೆ ಇವತ್ತಿನ ಏರಿಕೆ ಅದಕ್ಕೆ ಸಿಗುವುದಿಲ್ಲ. ಎಲ್ಲವನ್ನೂ ಸ್ಪಾಟ್‌ನಲ್ಲಿ, ಅಂದರೆ ಅವತ್ತವತ್ತಿನ ದರಕ್ಕೆ ಒಂದೊಂದೇ ಟ್ರಿಪ್ಪಿನ ಬಾಡಿಗೆಗೆ, ಇಟ್ಟಿದ್ದರೆ ಏರಿಕೆಯೂ ಸಿಗುತ್ತದೆ, ಇಳಿಕೆಯೂ ಪೂರ್ತಿ ತಗಲುತ್ತದೆ. ಭಾರತದ ಪೇಟೆಯಲ್ಲಿರುವ ದೊಡ್ಡ ಹೆಸರುಗಳಾದ ಗ್ರೇಟ್ ಈಸ್ಟರ್ನ್ ಶಿಪ್ಪಿಂಗ್, ಶಿಪ್ಪಿಂಗ್ ಕಾರ್ಪೊರೇಷನ್ ಎರಡರಲ್ಲೂ ಬಲ್ಕ್ ಹಡಗು ಒಂದು ಭಾಗ ಮಾತ್ರ. ತೈಲ ಟ್ಯಾಂಕರ್‌ಗಳ ಪಾಲು ದೊಡ್ಡದು. ಅಂದರೆ ಬಾಲ್ಟಿಕ್ ಡ್ರೈ ಸೂಚ್ಯಂಕ ನೋಡಿ ಅವುಗಳ ಶೇರು ಕೊಳ್ಳುವುದು ಅದಿರಿನ ಬಾಡಿಗೆ ನೋಡಿ ಪೆಟ್ರೋಲ್ ಟ್ಯಾಂಕರ್ ಲಾರಿ ಕೊಂಡ ಹಾಗೆ. ಆ ಕಂಪನಿಗಳು ಕೆಟ್ಟವು ಅಂತ ಇದರ ಅರ್ಥ ಅಲ್ಲ, ನಿಮ್ಮ ಅಳಿಯ ಹೇಳುವ ಕಾರಣಕ್ಕೆ ಅವನ್ನು ಕೊಳ್ಳಬಾರದು ಅಷ್ಟೇ.

ಬರೀ ಡ್ರೈ ಬಲ್ಕ್ ನಡೆಸುವ ಕಂಪನಿಗಳು ನ್ಯೂಯಾರ್ಕ್, ಓಸ್ಲೋ ಪೇಟೆಯಲ್ಲಿವೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು, ಹಾಗಾಗಿ ದಾರಿ ಇದೆ. ಆದರೆ ಡಾಲರ್ ಏರಿಳಿತ, ವಿದೇಶಿ ಆಸ್ತಿ ತೋರಿಸುವ ತೆರಿಗೆ ಕಾಗದ, ಕಂಪನಿ ಬಗ್ಗೆ ಸುದ್ದಿ ತಿಳಿಯುವ ಕಷ್ಟ ಎಲ್ಲ ನಿಮ್ಮ ತಲೆಗೇ. 2008ರಲ್ಲಿ ಬಂಗಾರದಂತೆ ಕಂಡ ಕಂಪನಿಗಳ ಗತಿ ನೋಡಿ. ಕೊರಿಯಾ ಲೈನ್ 2011ರಲ್ಲಿ, ಎಸ್‌ಟಿಎಕ್ಸ್ ಪ್ಯಾನ್ ಓಷನ್ 2013ರಲ್ಲಿ, ಅಮೆರಿಕದ ಜೆಂಕೊ 2014ರಲ್ಲಿ, ಜಪಾನಿನ ದಾಯಿಚಿ ಚುವೊ 2015ರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವು. ಇವು ಸಣ್ಣ ಪುಟ್ಟ ಕಂಪನಿಗಳಲ್ಲ. ಸರಕು ಆ ವರ್ಷಗಳಲ್ಲಿ ಬಹುಪಾಲು ಏರುತ್ತಲೇ ಇತ್ತು. ಇವುಗಳನ್ನು ಮುಳುಗಿಸಿದ್ದು ಏರಿದ ಕಾಲದಲ್ಲಿ ಮಾಡಿಕೊಂಡ ಸಾಲ ಮತ್ತು ಒಪ್ಪಂದ. ನಿಮ್ಮ ಮೊದಲ ಲಾರಿಯೂ ಹೋದದ್ದು ಕಂತಿಗೇ ಅಲ್ವಾ?

ಸೂಚ್ಯಂಕದ ಮೇಲೇ ನೇರವಾಗಿ ದುಡ್ಡು ಹಾಕುವ ಫಂಡ್‌ಗಳೂ ಹೊರದೇಶದಲ್ಲಿವೆ. ಅವು ಮುಂದಿನ ತಿಂಗಳುಗಳ ಬಾಡಿಗೆಯ ಒಪ್ಪಂದ ಕೊಂಡು, ಅವಧಿ ಮುಗಿದಂತೆ ಹೊಸದಕ್ಕೆ ಬದಲಾಯಿಸುತ್ತಾ ಹೋಗುತ್ತವೆ. ಮುಂದಿನ ತಿಂಗಳಿನದು ದುಬಾರಿಯಿದ್ದರೆ ಪ್ರತಿ ಬದಲಾವಣೆಯಲ್ಲೂ ಸ್ವಲ್ಪ ಸೋರುತ್ತದೆ. ಹತ್ತಿರದಿಂದ ಕಾಯುವವರಿಗೆ ಮಾತ್ರ ಅದು, ನಿಮಗೆ ಬೇಡ. ಇನ್ನು 'ಒಂದು ಹಡಗಿನಲ್ಲಿ ಪಾಲು ಕೊಡುತ್ತೇವೆ, ತಿಂಗಳಿಗೆ ಶೇ 3 ಗ್ಯಾರಂಟಿ' ಅಂತ ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸಿ. ದಿನಕ್ಕೆ 2.3 ಲಕ್ಷ ಡಾಲರ್‌ನಿಂದ 2,300ಕ್ಕೆ ಬೀಳುವ ವ್ಯಾಪಾರದಲ್ಲಿ ತಿಂಗಳಿಗೆ ಇಷ್ಟು ಅಂತ ಗ್ಯಾರಂಟಿ ಕೊಡುವವರು ನಿಜವಾದ ಹಡಗಿನವರಲ್ಲ.

ನೀವು ಬರೆಯದಿದ್ದರೂ ಮನಸ್ಸಿನ ಮೂಲೆಯಲ್ಲಿ ಮತ್ತೆ ಲಾರಿಯ ಯೋಚನೆ ಇರಬಹುದು ಅಂತ ನನಗನಿಸುತ್ತದೆ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಅದಿರು ರಫ್ತಿಗೆ ಒಪ್ಪಿಗೆ ಕೊಟ್ಟಿತು. ಒಂದೆರಡು ದಿನದಲ್ಲೇ ಕೇಂದ್ರ ಸರ್ಕಾರ ರಫ್ತು ಸುಂಕವನ್ನು ಶೇ 50ಕ್ಕೆ ಏರಿಸಿತು, ನವೆಂಬರ್‌ನಲ್ಲಿ ಮತ್ತೆ ಇಳಿಸಿತು. ಒಂದು ಆದೇಶಕ್ಕೆ ನಿಮ್ಮ ಕಂತು ಕಟ್ಟುವ ದುಡ್ಡು ನಿಲ್ಲುವ ಪರಿಸ್ಥಿತಿ ಇನ್ನೂ ಹೋಗಿಲ್ಲ.

ಈಗ ನೇರವಾಗಿ ನಿಮ್ಮ 14 ಲಕ್ಷದ ಬಗ್ಗೆ. ಮೊದಲು ಸೊಸೈಟಿಯ 3 ಲಕ್ಷ ತೀರಿಸಿ. ಶೇ 13ರ ಸಾಲ ತೀರಿಸುವುದು ಅಂದರೆ ಶೇ 13 ಖಚಿತವಾಗಿ ಉಳಿಸಿದ ಹಾಗೆ. ನನ್ನ ಇಷ್ಟು ವರ್ಷದ ಅನುಭವದಲ್ಲಿ ಅಷ್ಟು ಖಚಿತವಾಗಿ ಕೊಟ್ಟ ಹಡಗನ್ನು ನಾನು ನೋಡಿಲ್ಲ. ಉಳಿದ 11 ಲಕ್ಷದಲ್ಲಿ ಎರಡು ವರ್ಷದ ಮನೆಖರ್ಚು, ಆಸ್ಪತ್ರೆ ಖರ್ಚಿಗೆ ಬೇಕಾದಷ್ಟು ಬ್ಯಾಂಕಿನಲ್ಲಿ ಇಡಿ. ಮಿಕ್ಕಿದ್ದನ್ನು ಎಲ್ಲಿ ಹಾಕಬೇಕು ಅಂತ ಶೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಣಿ ಇರುವ, ಕಮಿಷನ್ ಅಲ್ಲದೆ ಫೀಸು ತಗೊಳ್ಳುವ ಸಲಹೆಗಾರರನ್ನು ಕೇಳಿ. ಹಡಗಿನ ಶೇರು ಬೇಕೇ ಬೇಕು, ಅದಿರಿನ ಜೊತೆಗಿನ ನಂಟು ಬಿಡಲಾಗುವುದಿಲ್ಲ ಅನಿಸಿದರೆ 50 ಸಾವಿರಕ್ಕಿಂತ ಮೇಲೆ ಹೋಗಬೇಡಿ. ಅದು ಪೂರ್ತಿ ಹೋದರೂ ನಿಮ್ಮ ನಿದ್ದೆ ಕೆಡಬಾರದು, ಆ ಲೆಕ್ಕದಲ್ಲಿ ಹೇಳುತ್ತಿದ್ದೇನೆ. ಎಲ್ಲರೂ ಮಾತಾಡುವಾಗ ಕೊಳ್ಳಬೇಡಿ. ಹಳೆಯ ಹಡಗುಗಳನ್ನು ಗುಜರಾತಿನ ಅಲಂಗ್‌ಗೆ ಒಡೆಯಲು ಸಾಲು ಸಾಲಾಗಿ ಕಳಿಸುವಾಗ, ಪತ್ರಿಕೆಯಲ್ಲಿ ಹಡಗಿನ ಸುದ್ದಿಯೇ ಇಲ್ಲದಾಗ ಈ ವ್ಯಾಪಾರದ ಹಳಬರು ಕೊಳ್ಳುತ್ತಾರೆ. ಹಾಗೆ ಕೊಂಡವರೂ ಎಷ್ಟೋ ಸಲ ನಾಲ್ಕೈದು ವರ್ಷ ಕಾಯಬೇಕಾಯಿತು. 57ರಲ್ಲಿ ಆ ಕಾಯುವಿಕೆ ನಿಮಗೆ ಬೇಕಾ ನೋಡಿ.

ಅಳಿಯನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಅವನನ್ನು ಕೂರಿಸಿಕೊಂಡು, ಅವನು ಹೇಳುವ ಕಂಪನಿಯ ಹಡಗುಗಳಲ್ಲಿ ಎಷ್ಟು ಬಲ್ಕ್, ಎಷ್ಟು ಟ್ಯಾಂಕರ್, ಎಷ್ಟು ಸ್ಪಾಟ್‌ನಲ್ಲಿವೆ, ಒಂದೊಂದು ಹಡಗಿನ ಮೇಲೆ ಸಾಲ ಎಷ್ಟು, ಅದೇ ಹಡಗನ್ನು ಗುಜರಿಗೆ ಹಾಕಿದರೆ ಎಷ್ಟು ಬರುತ್ತದೆ ಅಂತ ಕೇಳಿ. ಕಂಪನಿಯ ವಾರ್ಷಿಕ ವರದಿಯಲ್ಲಿ ಬಹುಪಾಲು ಸಿಗುತ್ತದೆ. ಲಾರಿ ಕೊಳ್ಳುವ ಮುಂಚೆ ನೀವು ಟೈರು, ಇಂಜಿನ್ ನೋಡುತ್ತಿದ್ದಿರಲ್ಲ, ಅದೇ ಥರ. ಅವನು ಉತ್ತರ ತಂದರೆ ನನಗೂ ಬರೆಯಿರಿ, ಒಟ್ಟಿಗೆ ನೋಡೋಣ. ಹಾಗೆಯೇ ಸೊಸೈಟಿಯ ಸಾಲದ ಕಾಗದ ತೆಗೆದು, ಅವಧಿಗೆ ಮುಂಚೆ ಕಟ್ಟಿದರೆ ದಂಡ ಇದೆಯಾ ಅಂತ ಈ ವಾರವೇ ವಿಚಾರಿಸಿ, ಇದ್ದರೆ ಎಷ್ಟು ಅಂತ ತಿಳಿಸಿ.